ಬೆರಳು ಎತ್ತದೆ ಬರೆಯುವುದು: ಟ್ಯಾಬ್ಲೆಟ್‌ನಲ್ಲಿ ಸ್ವೈಪ್ ಟೈಪಿಂಗ್

ಟ್ಯಾಬ್ಲೆಟ್ ಕೀಬೋರ್ಡ್ ಮೇಲೆ ಬೆರಳು ಎಳೆದು ಟೈಪ್ ಮಾಡಲು ಹೊರಟವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಅವರು ಅಕ್ಷರ ಹುಡುಕುತ್ತಾರೆ. ಮೊದಲ ಅಕ್ಷರದ ಮೇಲೆ ಬೆರಳಿಡುತ್ತಾರೆ. ಎರಡನೆಯದು ಎಲ್ಲಿದೆ ಅಂತ ನೋಡಿ, ಅದರ ನಟ್ಟನಡುವಿಗೆ ಬೆರಳು ತಂದು, ಅರೆಕ್ಷಣ ನಿಂತು, ಆಮೇಲೆ ಮೂರನೆಯದಕ್ಕೆ ಹೊರಡುತ್ತಾರೆ. ಇಷ್ಟು ಹುಷಾರಾಗಿದ್ದೂ ಪದ ತಪ್ಪು ಬಂದಾಗ, ಇದು ನಮ್ಮ ಕೈಲಾಗುವ ಕೆಲಸವಲ್ಲ ಅಂತ ಮತ್ತೆ ಒಂದೊಂದೇ ಕೀ ಒತ್ತಲು ಶುರು ಮಾಡುತ್ತಾರೆ.

ಹೀಗಾಗುವುದು ನೋಡಿದರೆ ನಿಜಕ್ಕೂ ಬೇಸರವಾಗುತ್ತದೆ. ಯಾಕೆಂದರೆ ಸ್ವೈಪ್ ಮಾಡುವಾಗ ಒಂದೊಂದು ಅಕ್ಷರವನ್ನೂ ಸರಿಯಾಗಿ ಮುಟ್ಟಬೇಕಾದ ಅಗತ್ಯವೇ ಇಲ್ಲ. ನೀವು ಬರೆಯುತ್ತಿರುವುದು ಇಡೀ ಪದವನ್ನು, ಒಂದೇ ಗೆರೆಯಲ್ಲಿ. ಆ ಗೆರೆಯನ್ನು ಕೀಬೋರ್ಡ್ ಹೇಗೆ ಓದುತ್ತದೆ ಅಂತ ಒಮ್ಮೆ ತಿಳಿದರೆ, ಬೆರಳು ಎಲ್ಲಿ ಜಾಗ್ರತೆಯಾಗಿರಬೇಕು, ಎಲ್ಲಿ ಸಡಿಲವಾಗಿ ಬಿಡಬಹುದು ಅನ್ನುವುದು ತಾನಾಗಿ ಹೊಳೆಯುತ್ತದೆ.

ಗೆರೆಯನ್ನು ಕೀಬೋರ್ಡ್ ಓದುವ ರೀತಿ

ಒಂದು ಪದವನ್ನು ಹತ್ತಿರದಿಂದ ನೋಡೋಣ. ಇಂಗ್ಲಿಷಿನ 'ವಾಟರ್' ತೆಗೆದುಕೊಳ್ಳಿ. ಡಬ್ಲ್ಯು, ಎ, ಟಿ, ಇ, ಆರ್. ಮೇಲಿನ ಸಾಲಿನ ಎಡಭಾಗದಲ್ಲಿರುವ ಡಬ್ಲ್ಯು ಮೇಲೆ ಬೆರಳಿಡುತ್ತೀರಿ. ಅಲ್ಲಿಂದ ಎಡಕ್ಕೆ ಸ್ವಲ್ಪ ಕೆಳಗಿಳಿದರೆ ಎ. ಅಲ್ಲಿ ತಿರುಗಿ ಬಲಕ್ಕೆ, ಮೇಲಕ್ಕೆ ಉದ್ದ ಎಳೆದರೆ ಟಿ. ಮತ್ತೆ ಎಡಕ್ಕೆ ಬಂದು ಇ. ಕೊನೆಗೆ ಪಕ್ಕದಲ್ಲೇ ಇರುವ ಆರ್‌ಗೆ ಹೋಗಿ ಬೆರಳು ಎತ್ತುತ್ತೀರಿ.

ಈ ದಾರಿಯಲ್ಲಿ ಬೆರಳು ಬೇಡದ ಕೀಗಳ ಮೇಲೂ ಹಾದಿದೆ. ಎಯಿಂದ ಟಿಗೆ ಹೋಗುವಾಗ ಎಸ್, ಡಿ, ಆರ್ ಮೇಲೆ ಜಾರಿದೆ. ಟಿಯಿಂದ ಇಗೆ ವಾಪಸ್ ಬರುವಾಗ ಮತ್ತೊಮ್ಮೆ ಆರ್ ಸಿಕ್ಕಿದೆ. ಆದರೂ ಬರುವುದು ವಾಟರ್ ಅಂತಲೇ. ಅದು ಹೇಗೆ?

ಸ್ಕ್ರೀನು ಬೆರಳಿನ ಜಾಗವನ್ನು ಸೆಕೆಂಡಿಗೆ ಹತ್ತಾರು ಸಲ ಗುರುತು ಹಾಕಿಕೊಳ್ಳುತ್ತದೆ. 60 ಸಲ ಅಥವಾ 120 ಸಲ ಅನ್ನುವುದು ಸಾಮಾನ್ಯ. ಆ ಚುಕ್ಕಿಗಳನ್ನೆಲ್ಲ ಜೋಡಿಸಿದರೆ ನೀವೆಳೆದ ಗೆರೆ ಸಿಗುತ್ತದೆ. ಇನ್ನೊಂದು ಕಡೆ, ಕೀಬೋರ್ಡ್ ಹತ್ತಿರ ದೊಡ್ಡ ಪದಪಟ್ಟಿ ಇರುತ್ತದೆ. ಆ ಪಟ್ಟಿಯ ಪ್ರತಿ ಪದಕ್ಕೂ ಒಂದು ಮಾದರಿ ಗೆರೆ ಹಾಕಬಹುದು. ಆ ಪದದ ಅಕ್ಷರಗಳ ನಡುಬಿಂದುಗಳನ್ನು ಸಾಲಾಗಿ ಸೇರಿಸಿದರೆ ಆಯಿತು. ನಿಮ್ಮ ಗೆರೆ ಯಾವ ಮಾದರಿಗೆ ಹೆಚ್ಚು ಹತ್ತಿರ ಅಂತ ಹೋಲಿಸಿ ನೋಡುವುದೇ ಕೀಬೋರ್ಡಿನ ಕೆಲಸ. ಅಂದರೆ ನೀವು ಯಾವ ಯಾವ ಕೀ ಮುಟ್ಟಿದಿರಿ ಅಂತ ಅದು ಲೆಕ್ಕ ಹಾಕುತ್ತಾ ಕೂರುವುದಿಲ್ಲ.

ಈ ವಿಚಾರವನ್ನು ಮೊದಲು ಗಟ್ಟಿಯಾಗಿ ಹಿಡಿದು ಬೆಳೆಸಿದವರಲ್ಲಿ ಸಂಶೋಧಕರಾದ ಶುಮಿನ್ ಝೈ ಮತ್ತು ಪರ್ ಓಲಾ ಕ್ರಿಸ್ಟೆನ್ಸನ್ ಮುಖ್ಯರು. 2003 ಮತ್ತು 2004ರಲ್ಲಿ ಅವರು ಪ್ರಕಟಿಸಿದ ಬರಹಗಳಲ್ಲಿ ಈ ವಿಧಾನವನ್ನು ಶಾರ್ಟ್‌ಹ್ಯಾಂಡ್ ಅಂತಲೇ ಕರೆದರು. ಅವರ ವ್ಯವಸ್ಥೆ ಎರಡು ವಿಷಯಗಳನ್ನು ಒಟ್ಟಿಗೆ ನೋಡುತ್ತಿತ್ತು. ಒಂದು, ಗೆರೆಯ ಆಕಾರ. ಇನ್ನೊಂದು, ಆ ಗೆರೆ ಕೀಬೋರ್ಡಿನ ಯಾವ ಜಾಗದಲ್ಲಿದೆ ಅನ್ನುವುದು. ಆಕಾರ ಸರಿಯಿದ್ದು ಜಾಗ ಕೊಂಚ ಆಚೀಚೆಯಾದರೂ ಪದ ಸಿಗುತ್ತದೆ. ಹಾಗೆಯೇ ಜಾಗ ಸರಿಯಿದ್ದು ಆಕಾರ ಸ್ವಲ್ಪ ಸೊಟ್ಟಗಾದರೂ ಸಿಗುತ್ತದೆ. ಎರಡೂ ಒಟ್ಟಿಗೆ ಕೆಟ್ಟಾಗ ಮಾತ್ರ ತೊಂದರೆ.

ಆಮೇಲಿನ ಕತೆ ಚಿಕ್ಕದು. 2009ರಲ್ಲಿ ಸ್ವೈಪ್ ಎಂಬ ಹೆಸರಿನ ಕೀಬೋರ್ಡ್ ಫೋನುಗಳಲ್ಲಿ ಬಂತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಕ್ಲಿಫ್ ಕುಶ್ಲರ್, ಹಳೆಯ ಬಟನ್ ಫೋನುಗಳಲ್ಲಿ ಅಂಕಿಯ ಕೀ ಒತ್ತಿದಾಗ ಪದ ಊಹಿಸುತ್ತಿದ್ದ ಟಿ9 ವಿಧಾನವನ್ನು ರೂಪಿಸಿದವರಲ್ಲೂ ಒಬ್ಬರು. 2012ರ ಆಂಡ್ರಾಯ್ಡ್ 4.2ರಲ್ಲಿ ಈ ಸೌಲಭ್ಯ ಒಳಗೇ ಸೇರಿತು. ಐಫೋನ್‌ಗೆ, ಐಪ್ಯಾಡ್‌ಗೆ ಬಂದಿದ್ದು 2019ರಲ್ಲಿ.

ಕಲಿಯುವವರಿಗೆ ಇದರಿಂದ ಸಿಗುವ ಪಾಠ ನೇರವಾಗಿದೆ. ಮೊದಲ ಅಕ್ಷರ ಮತ್ತು ಕೊನೆಯ ಅಕ್ಷರ ಸರಿ ಇರಲಿ. ನಡುವೆ, ತಿರುವುಗಳು ಸ್ಪಷ್ಟವಾಗಿರಲಿ. ಅಷ್ಟೇ ಸಾಕು. ಬೆರಳು ಇಟ್ಟ ಜಾಗ, ಎತ್ತಿದ ಜಾಗ ಎರಡೂ ಖಚಿತವಾಗಿದ್ದರೆ ಪಟ್ಟಿಯ ಬಹುಪಾಲು ಪದಗಳು ಅಲ್ಲೇ ಬಿದ್ದುಹೋಗುತ್ತವೆ. ಉಳಿದ ಕೆಲವನ್ನು ತಿರುವುಗಳು ಬೇರೆ ಮಾಡುತ್ತವೆ. ತಿರುವಿನಲ್ಲಿ ಕೀಯ ಅಂಚು ತಾಕಿದರೂ ನಡೆಯುತ್ತದೆ. ಆದರೆ ಮೂಲೆ ಇರಬೇಕಾದ ಕಡೆ ದುಂಡಗೆ ಸುತ್ತಿ ಹೋದರೆ ಕೀಬೋರ್ಡಿಗೆ ಅಲ್ಲೊಂದು ಅಕ್ಷರ ಇತ್ತು ಅನ್ನೋದೇ ಗೊತ್ತಾಗುವುದಿಲ್ಲ.

ಒಂದೇ ಗೆರೆ, ಹಲವು ಪದ

ಕೆಲವು ಪದಗಳನ್ನು ಎಷ್ಟು ಚೆನ್ನಾಗಿ ಎಳೆದರೂ ತಪ್ಪು ಬರಬಹುದು. ಅದಕ್ಕೆ ನಿಮ್ಮ ಬೆರಳು ಕಾರಣ ಅಲ್ಲ. ಮೇಲಿನ ಸಾಲನ್ನೇ ನೋಡಿ. ಟಿ, ವೈ, ಯು, ಐ, ಓ, ಪಿ ಒಂದರ ಪಕ್ಕ ಒಂದು ನಿಂತಿವೆ. ಈಗ 'ಪಿಟ್' ಬರೆಯಿರಿ. ಪಿಯಿಂದ ಟಿಗೆ ನೇರ ಗೆರೆ, ನಡುವೆ ಐ. 'ಪುಟ್' ಬರೆದರೂ ಅದೇ ನೇರ ಗೆರೆ, ನಡುವೆ ಯು. 'ಪಾಟ್' ಬರೆದರೂ ಅದೇ, ನಡುವೆ ಓ. ಮೂರು ಪದ, ಗೆರೆ ಒಂದೇ. ಕೈ ಎಷ್ಟೇ ಪಳಗಿದ್ದರೂ ಇವನ್ನು ಗೆರೆಯಿಂದ ಬೇರೆ ಮಾಡಲು ಆಗುವುದಿಲ್ಲ.

ಈ ಅಕ್ಷರ ಜೋಡಣೆ ಬೆರಳು ಎಳೆಯುವುದಕ್ಕಾಗಿ ಹುಟ್ಟಿದ್ದಲ್ಲ ಅಲ್ವಾ? ಅದು 1870ರ ದಶಕದ ಟೈಪ್‌ರೈಟರಿನದು. ಮೂರು ಸ್ವರಗಳು ಅಕ್ಕಪಕ್ಕ ಕೂತಿರುವುದು ಒತ್ತಿ ಬರೆಯುವವರಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ, ಎಳೆದು ಬರೆಯುವವರಿಗೆ ಕೊಡುತ್ತದೆ. ಝೈ ಮತ್ತು ಕ್ರಿಸ್ಟೆನ್ಸನ್ ಶುರುವಿನಲ್ಲಿ ಬಳಸಿದ್ದು ಇದನ್ನಲ್ಲ, ಅಟಾಮಿಕ್ ಎಂಬ ಬೇರೆಯೇ ಜೋಡಣೆಯನ್ನು. ಆದರೆ ಜನರ ಕೈಗೆ ಅಭ್ಯಾಸವಾಗಿದ್ದು ಹಳೆಯದೇ. ಹಾಗಾಗಿ ಅದೇ ಉಳಿಯಿತು.

ಇಂಥ ಕಡೆ ಕೀಬೋರ್ಡ್ ಹಿಂದಿನ ಪದಗಳ ಕಡೆ ತಿರುಗುತ್ತದೆ. ಯಾವ ಪದದ ನಂತರ ಯಾವ ಪದ ಬರುವುದು ಜಾಸ್ತಿ ಅನ್ನುವ ಲೆಕ್ಕ ಅದರ ಬಳಿ ಇರುತ್ತದೆ. ಗೆರೆ ಹೇಳುವುದನ್ನೂ ಈ ಲೆಕ್ಕ ಹೇಳುವುದನ್ನೂ ಕೂಡಿಸಿ ಒಂದು ಪದ ಆರಿಸುತ್ತದೆ, ಉಳಿದವನ್ನು ಮೇಲಿನ ಸಲಹೆಯ ಸಾಲಿನಲ್ಲಿ ಇಡುತ್ತದೆ. ವಾಕ್ಯದ ಮೊದಲ ಪದ ತಪ್ಪುವ ಸಾಧ್ಯತೆ ಹೆಚ್ಚಿರುವುದು ಇದಕ್ಕೇ. ಅದರ ಹಿಂದೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಪೂರ್ತಿ ವಾಕ್ಯ ಬರೆಯುತ್ತಾ ಹೋದರೆ ಮುಂದಿನ ಪದಗಳು ಸರಿಯಾಗಿ ಬೀಳುತ್ತವೆ. ಅಭ್ಯಾಸ ಮಾಡುವಾಗ ಸುಮ್ನೆ ಬಿಡಿ ಬಿಡಿ ಪದ ಬರೆಯುವುದರಿಂದ ಈ ನೆರವು ತಪ್ಪಿಹೋಗುತ್ತದೆ. ಅದಕ್ಕೇ ಅಭ್ಯಾಸಕ್ಕೂ ವಾಕ್ಯಗಳನ್ನೇ ಬರೆಯಿರಿ.

ಜೋಡಿ ಅಕ್ಷರದ ಪ್ರಶ್ನೆ ಎಲ್ಲರಿಗೂ ಬರುತ್ತದೆ. 'ಲೆಟರ್' ಅನ್ನುವುದರಲ್ಲಿ ಎರಡು ಟಿ ಇವೆ, ಅಲ್ಲಿ ಎರಡು ಸಲ ಏನು ಮಾಡಬೇಕು? ಏನೂ ಮಾಡಬೇಕಿಲ್ಲ. ಒಮ್ಮೆ ಹಾದುಹೋಗಿ. ಪದಪಟ್ಟಿಗೆ ಅದು ಗೊತ್ತು.

ಟ್ಯಾಬ್ಲೆಟ್ ಅಂದರೆ ದೂರ

ಫೋನಿನಲ್ಲಿ ಸ್ವೈಪ್ ಸಲೀಸಾಗಿ ಬಂದವರಿಗೂ ಟ್ಯಾಬ್ಲೆಟ್‌ನಲ್ಲಿ ಕಷ್ಟವಾಗುತ್ತದೆ. ಕಾರಣ ಕೀಬೋರ್ಡಿನ ಅಗಲ.

ಇಂಗ್ಲಿಷ್ ಅಕ್ಷರಗಳಲ್ಲಿ 'ಕನ್ನಡ' ಅಂತ ಬರೆಯುವುದನ್ನೇ ಅಳೆದು ನೋಡಿ. ಕೆಯಿಂದ ಎ, ಎಯಿಂದ ಎನ್, ಮತ್ತೆ ಎ, ಅಲ್ಲಿಂದ ಡಿ, ಮತ್ತೆ ಎ. ಕೆ ಮತ್ತು ಎನ್ ಬಲಗಡೆ ಇವೆ, ಎ ಎಡ ಅಂಚಿನಲ್ಲಿದೆ. ಬೆರಳು ಒಟ್ಟು ಸುಮಾರು 23 ಕೀಗಳಷ್ಟು ಅಗಲ ಓಡಾಡುತ್ತದೆ. ಒಂದು ಕೀ 6 ಮಿ.ಮೀ. ಇರುವ ಫೋನಿನಲ್ಲಿ ಇದು 14 ಸೆಂ.ಮೀ. ಒಳಗೇ ಮುಗಿಯುತ್ತದೆ. ಅಡ್ಡ ಹಿಡಿದ ಟ್ಯಾಬ್ಲೆಟ್‌ನಲ್ಲಿ ಒಂದು ಕೀ 2 ಸೆಂ.ಮೀ. ಇದ್ದರೆ ಅದೇ ಪದಕ್ಕೆ 46 ಸೆಂ.ಮೀ. ಫೋನಿನಲ್ಲಿ ಹೆಬ್ಬೆರಳು ಮಾಡುವ ಕೆಲಸವನ್ನು ಇಲ್ಲಿ ಮುಂಗೈ, ತೋಳು ಸೇರಿ ಮಾಡಬೇಕು. ನಾಲ್ಕು ವಾಕ್ಯ ಬರೆಯುವಷ್ಟರಲ್ಲಿ ಭುಜ ಸೋಲುತ್ತದೆ, ಬೆರಳ ತುದಿ ಗಾಜಿಗೆ ಉಜ್ಜಿ ಬಿಸಿಯಾಗುತ್ತದೆ.

ಆದ್ದರಿಂದ ಟ್ಯಾಬ್ಲೆಟ್‌ನಲ್ಲಿ ಸ್ವೈಪ್ ಕಲಿಯುವವರು ಮೊದಲು ಮಾಡಬೇಕಾದ ಕೆಲಸ ಕೀಬೋರ್ಡನ್ನು ಚಿಕ್ಕದು ಮಾಡಿಕೊಳ್ಳುವುದು. ನನ್ನ ಪ್ರಕಾರ ಉಳಿದೆಲ್ಲ ಸಲಹೆಗಳಿಗಿಂತ ಇದೇ ದೊಡ್ಡದು.

ಐಪ್ಯಾಡ್‌ನಲ್ಲಂತೂ ಬೇರೆ ದಾರಿಯೇ ಇಲ್ಲ. ಅದರ ಸ್ವಂತ ಕೀಬೋರ್ಡ್ ಪೂರ್ತಿ ಅಗಲದಲ್ಲಿದ್ದಾಗ ಸ್ವೈಪ್ ಟೈಪಿಂಗ್ ನಡೆಯುವುದಿಲ್ಲ. ಅಲ್ಲಿ ಕೀಯನ್ನು ಕೆಳಕ್ಕೆ ಎಳೆದರೆ ಅದರ ಮೇಲೆ ಮಸುಕಾಗಿ ಬರೆದಿರುವ ಅಂಕಿ ಅಥವಾ ಚಿಹ್ನೆ ಬರುತ್ತದೆ. 'ನನ್ನ ಐಪ್ಯಾಡ್‌ನಲ್ಲಿ ಇದು ಬರೋದೇ ಇಲ್ಲ' ಅಂತ ಎಷ್ಟೋ ಜನ ಹೇಳುವುದರ ಹಿಂದಿನ ಕಾರಣ ಇದೇ. ಕೀಬೋರ್ಡ್ ಮೇಲೆ ಎರಡು ಬೆರಳಿಟ್ಟು ಒಳಕ್ಕೆ ಕೂಡಿಸಿ. ಅದು ಫೋನಿನ ಕೀಬೋರ್ಡಿನಷ್ಟು ಚಿಕ್ಕದಾಗಿ ತೇಲುವ ಕೀಬೋರ್ಡ್ ಆಗುತ್ತದೆ. ಕೆಳಗಿನ ಪುಟ್ಟ ಪಟ್ಟಿ ಹಿಡಿದು ಬೇಕಾದ ಮೂಲೆಗೆ ಎಳೆದುಕೊಳ್ಳಬಹುದು. ಈ ಚಿಕ್ಕ ರೂಪದಲ್ಲಿ ಸ್ವೈಪ್ ಕೆಲಸ ಮಾಡುತ್ತದೆ. ಮತ್ತೆ ದೊಡ್ಡದು ಬೇಕಾದರೆ ಎರಡು ಬೆರಳು ಹೊರಕ್ಕೆ ಅಗಲಿಸಿದರೆ ಆಯಿತು.

ಆಂಡ್ರಾಯ್ಡ್‌ನ ಜಿಬೋರ್ಡ್‌ನಲ್ಲಿ, ಅಂದರೆ ಗೂಗಲ್‌ನ ಕೀಬೋರ್ಡ್‌ನಲ್ಲಿ, ಸ್ವೈಪ್ ಟೈಪಿಂಗ್‌ನ ಹೆಸರು ಗ್ಲೈಡ್ ಟೈಪಿಂಗ್. ಸೆಟ್ಟಿಂಗ್ಸ್‌ನಲ್ಲಿ ಅದು ಆನ್ ಆಗಿದೆಯಾ ನೋಡಿ. ಬೆರಳಿನ ಜಾಡು ತೋರಿಸುವ ಆಯ್ಕೆಯನ್ನೂ ಆನ್ ಮಾಡಿ. ಕಲಿಯುವಾಗ ನಿಮ್ಮ ಗೆರೆ ಕಣ್ಣಿಗೆ ಕಾಣುವುದು ಬಹಳ ಉಪಕಾರಿ. ಮೂಲೆ ಎಲ್ಲಿ ದುಂಡಗಾಯಿತು ಅಂತ ಅಲ್ಲೇ ತಿಳಿಯುತ್ತದೆ. ಜಿಬೋರ್ಡ್‌ನಲ್ಲೂ ಫ್ಲೋಟಿಂಗ್ ಆಯ್ಕೆ ಇದೆ. ಸ್ಯಾಮ್‌ಸಂಗ್ ಕೀಬೋರ್ಡ್‌ನಲ್ಲಾದರೆ, ಬೆರಳು ಎಳೆದಾಗ ಕರ್ಸರ್ ಓಡಬೇಕೋ ಪದ ಬೀಳಬೇಕೋ ಅಂತ ನೀವೇ ಆರಿಸಬೇಕು. ಕರ್ಸರ್ ಅಂತ ಇದ್ದರೆ ಎಷ್ಟು ಎಳೆದರೂ ಪದ ಬರುವುದಿಲ್ಲ.

ಎರಡು ಭಾಗವಾಗಿ ಸೀಳಿದ ಕೀಬೋರ್ಡ್ ಎರಡು ಹೆಬ್ಬೆರಳಲ್ಲಿ ಒತ್ತಿ ಬರೆಯಲು ಚೆನ್ನ. ಎಳೆದು ಬರೆಯಲು ಬೇಡ, ನಡುವಿನ ಖಾಲಿ ಜಾಗ ಗೆರೆಯನ್ನು ಕೆಡಿಸುತ್ತದೆ.

ಟ್ಯಾಬ್ಲೆಟನ್ನು ಎಲ್ಲಿಟ್ಟುಕೊಂಡು ಬರೆಯುತ್ತೀರಿ ಅನ್ನುವುದೂ ಮುಖ್ಯ. ಮೇಜಿನ ಮೇಲಿಟ್ಟು ಬರೆಯುವುದಾದರೆ ತೋರುಬೆರಳು ಬಳಸಿ, ಮೊಣಕೈಗೆ ಆಸರೆ ಇರಲಿ. ಕೈಯಲ್ಲಿ ಹಿಡಿದು ಬರೆಯುವುದಾದರೆ ತೇಲುವ ಕೀಬೋರ್ಡನ್ನು ನಿಮ್ಮ ಹೆಬ್ಬೆರಳಿಗೆ ಸಿಗುವ ಮೂಲೆಗೆ ತನ್ನಿ. ಗಾಜು ಒಮ್ಮೆ ಒರೆಸಿಕೊಳ್ಳಿ. ಬೆವರಿದ ಬೆರಳು ಅಂಟಿ ಅಂಟಿ ಹೋಗುತ್ತದೆ, ಗೆರೆ ನಡುಗುತ್ತದೆ. ಬೆರಳಿಗೆ ಜಾಸ್ತಿ ತೊಂದರೆ ಅನ್ನಿಸುವವರು ಟಚ್ ಸ್ಕ್ರೀನಿಗೆ ಒಪ್ಪುವ, ಮೆತ್ತನೆ ತುದಿಯ ಸ್ಟೈಲಸ್ ಬಳಸಿ ನೋಡಬಹುದು.

ಕಣ್ಣಿನಿಂದ ಕೈಗೆ

ಶುರುವಿನಲ್ಲಿ ಕಣ್ಣು ದಾರಿ ತೋರಿಸುತ್ತದೆ, ಬೆರಳು ಹಿಂದೆ ಹೋಗುತ್ತದೆ. ಅದು ಸಹಜ. ಪದೇ ಪದೇ ಬರುವ ಪದಗಳಲ್ಲಿ ನಿಧಾನವಾಗಿ ಇದು ಬದಲಾಗುತ್ತದೆ. ಸಹಿ ಹಾಕುವಾಗ ನಾವು ಒಂದೊಂದು ಅಕ್ಷರ ಯೋಚಿಸುವುದಿಲ್ಲ, ಕೈಗೆ ಆ ಇಡೀ ಓಟವೇ ಗೊತ್ತಿರುತ್ತದೆ. ಪದದ ಗೆರೆಯೂ ಹಾಗೇ ಕೈಗೆ ಇಳಿಯುತ್ತದೆ. ಇದೇ ಬದಲಾವಣೆ ಆ ಸಂಶೋಧಕರ ಇಡೀ ಆಲೋಚನೆಯ ತಿರುಳು. ಒಂದೇ ಚಲನೆಯನ್ನು ಮೊದಲು ನೋಡಿಕೊಂಡು ಮಾಡುತ್ತೀರಿ, ಆಮೇಲೆ ನೆನಪಿನಿಂದ ಮಾಡುತ್ತೀರಿ. ನಡುವೆ ಹೊಸದಾಗಿ ಇನ್ನೊಂದು ವಿಧಾನ ಕಲಿಯುವ ಗೋಜಿಲ್ಲ.

ಇದು ಬೇಗ ಆಗಬೇಕಾದರೆ ಕಷ್ಟದ ಪದಗಳ ಬೆನ್ನು ಹತ್ತಬೇಡಿ. ದಿನಾ ಕಳಿಸುವ ಮೆಸೇಜುಗಳನ್ನೇ ಬರೆಯಿರಿ. ಒಂದೇ ವಾಕ್ಯವನ್ನು ಸತತ ಕೆಲವು ಸಲ ಬರೆದರೆ ಅದರ ಪದಗಳು ಕೈಗೆ ಹತ್ತುತ್ತವೆ. ಪದ ಶುರು ಮಾಡುವ ಮುನ್ನ ಒಮ್ಮೆ ದಾರಿಯನ್ನು ಕಣ್ಣಲ್ಲೇ ನೋಡಿಕೊಳ್ಳಿ. ಆಮೇಲೆ ನಿಲ್ಲದೆ ಎಳೆಯಿರಿ. ಪದ ಮುಗಿಯುವವರೆಗೆ ಮೇಲೆ ಏನು ಬರುತ್ತಿದೆ ಅಂತ ನೋಡಬೇಡಿ. ಬೆರಳು ದಾರಿಯಲ್ಲಿರುವಾಗ ಕೀಬೋರ್ಡ್ ಊಹೆ ಬದಲಿಸುತ್ತಲೇ ಇರುತ್ತದೆ. ಅದನ್ನು ನೋಡಿ ಗಾಬರಿಯಾದರೆ ಕೈ ತಡವರಿಸುತ್ತದೆ.

ನಡುವೆ ಅಕ್ಷರ ಮರೆತುಹೋದರೆ? ಬೆರಳು ಅಲ್ಲೇ ನಿಲ್ಲಿಸಿ, ಎತ್ತಬೇಡಿ. ಎತ್ತಿದರೆ ಪದ ಮುಗಿಯಿತು ಅಂತ ಅರ್ಥ. ನಿಂತು ಯೋಚಿಸಿ ಮುಂದುವರಿದರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ನಡುವಿನ ಒಂದು ಅಕ್ಷರ ತಪ್ಪಿದರೂ ಮುಂದುವರಿಸಿ, ಕೀಬೋರ್ಡ್ ಬಹಳ ಸಲ ಸರಿ ಮಾಡಿಕೊಳ್ಳುತ್ತದೆ. ಆದರೆ ಮೊದಲ ಅಕ್ಷರವೇ ತಪ್ಪಿದ್ದರೆ ಎಳೆದು ಪ್ರಯೋಜನವಿಲ್ಲ. ಬೆರಳೆತ್ತಿ, ಅಳಿಸಿ, ಹೊಸದಾಗಿ ಶುರು ಮಾಡಿ.

ತಿದ್ದುವುದನ್ನೂ ಪದದ ಲೆಕ್ಕದಲ್ಲೇ ಮಾಡಬೇಕು. ತಪ್ಪು ಪದ ಬಂದರೆ ಮೊದಲು ಸಲಹೆಯ ಸಾಲು ನೋಡಿ. ಪಿಟ್, ಪುಟ್ ತರಹದ್ದಾದರೆ ಸರಿಯಾದ ಪದ ಅಲ್ಲೇ ಇರುತ್ತದೆ, ಒತ್ತಿದರೆ ಸಾಕು. ಇಲ್ಲದಿದ್ದರೆ ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿ. ಜಿಬೋರ್ಡ್‌ನಲ್ಲಿ ಆಗಷ್ಟೇ ಎಳೆದ ಪದ ಪೂರ್ತಿ ಅಳಿಯುತ್ತದೆ. ಐಪ್ಯಾಡ್‌ನಲ್ಲೂ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಹೀಗೆ ಪದವಾಗಿ ಅಳಿಸುವ ಆಯ್ಕೆ ಇದೆ. ಒಂದೊಂದೇ ಅಕ್ಷರ ಅಳಿಸಿ ತಿದ್ದುವುದಕ್ಕಿಂತ ಪದ ಮತ್ತೆ ಎಳೆಯುವುದು ಬೇಗ. ಕೈಗೂ ಅದು ಒಂದು ಅಭ್ಯಾಸ.

ಪದಗಳ ನಡುವೆ ಸ್ಪೇಸ್ ಒತ್ತಬೇಕಿಲ್ಲ. ಮುಂದಿನ ಪದ ಎಳೆಯುತ್ತಿದ್ದಂತೆ ಜಾಗ ತಾನೇ ಬೀಳುತ್ತದೆ. ಹಳೆಯ ರೂಢಿಯಲ್ಲಿ ಸ್ಪೇಸ್ ಒತ್ತುತ್ತಲೇ ಹೋದರೆ ಅರ್ಧ ಲಾಭ ಹೋಯಿತು. ಪೂರ್ಣವಿರಾಮ, ಅಲ್ಪವಿರಾಮಗಳನ್ನು ಮಾತ್ರ ಒತ್ತಿಯೇ ಹಾಕಬೇಕು.

ಕನ್ನಡ ಬರೆಯುವಾಗ

ಇಂಗ್ಲಿಷ್ ಅಕ್ಷರ ಎಳೆದು ಕನ್ನಡ ಪದ ಪಡೆಯುವವರಿಗೆ ಕೆಲವು ತೊಡಕು ಹೆಚ್ಚಿಗೆ ಇವೆ. ಒಂದನ್ನು ಆಗಲೇ ನೋಡಿದೆವು. ನಮ್ಮ ಪದಗಳಲ್ಲಿ ಅಕಾರ ಜಾಸ್ತಿ, ಆ ಕೀ ಎಡ ಅಂಚಿನಲ್ಲಿದೆ. ಬೆರಳು ಮತ್ತೆ ಮತ್ತೆ ಅಲ್ಲಿಗೆ ಓಡಬೇಕು. ಚಿಕ್ಕ ಕೀಬೋರ್ಡ್ ಇಲ್ಲಿ ಇನ್ನೂ ಜಾಸ್ತಿ ಬೇಕು.

ಎರಡನೆಯದು ಒತ್ತಕ್ಷರ. ಕತೆ, ಕತ್ತೆ, ಕಟ್ಟೆ ಮೂರನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಎಳೆದು ನೋಡಿ. ಕೆ, ಎ, ಟಿ, ಇ. ಜೋಡಿ ಟಿ ಗೆರೆಯಲ್ಲಿ ಕಾಣುವುದಿಲ್ಲ. ತಕಾರಕ್ಕೂ ಟಕಾರಕ್ಕೂ ಒಂದೇ ಟಿ. ಹಾಗಾಗಿ ಮೂರೂ ಅಚ್ಚುಕಟ್ಟಾಗಿ ಒಂದೇ ಗೆರೆ. ಇಂಗ್ಲಿಷಿನಲ್ಲಿ ಜೋಡಿ ಅಕ್ಷರ ಅಷ್ಟಾಗಿ ಕಾಡುವುದಿಲ್ಲ. ನಮ್ಮಲ್ಲಿ ಒಂದು ಒತ್ತು ಅರ್ಥವನ್ನೇ ಬದಲಿಸುತ್ತದೆ. 'ಒಂದು' ಅಂತ ಮೊದಲೇ ಬರೆದಿದ್ದರೂ ನೆರವಾಗುವುದಿಲ್ಲ, ಮೂರೂ ಅದಕ್ಕೆ ಹೊಂದುತ್ತವೆ. 'ಅಜ್ಜಿ ಹೇಳಿದ' ಅಂತ ಬರೆದಿದ್ದರೆ ಕತೆ ಅನ್ನುವುದಕ್ಕೆ ಬಲ ಬರುತ್ತದೆ. ಕನ್ನಡದಲ್ಲಿ ಪದ ಎಳೆದು ಮುಗಿಸಿದ ಮೇಲೆ ಸಲಹೆಯ ಸಾಲಿನ ಮೇಲೆ ಒಮ್ಮೆ ಕಣ್ಣು ಹಾಯಿಸಲೇಬೇಕು.

ಮೂರನೆಯದು ಪದಗಳ ಉದ್ದ. ನಾವು ವಿಭಕ್ತಿ, ಕ್ರಿಯೆಯ ರೂಪ, 'ಊ', 'ಏ' ಎಲ್ಲ ಒಂದೇ ಪದಕ್ಕೆ ಸೇರಿಸುತ್ತೇವೆ. 'ಮನೆ' ಪಟ್ಟಿಯಲ್ಲಿರುತ್ತದೆ, 'ಮನೆಗೆ' ಇರಬಹುದು, 'ಮನೆಯವರಿಗೂ' ಇಲ್ಲದಿರಬಹುದು. ಪಟ್ಟಿಯಲ್ಲಿಲ್ಲದ ಪದಕ್ಕೆ ಮಾದರಿ ಗೆರೆ ಇರುವುದಿಲ್ಲ. ಅದನ್ನು ಎಷ್ಟು ಚೆಂದ ಎಳೆದರೂ ಬೇರೇನೋ ಬರುತ್ತದೆ. ಜೊತೆಗೆ, ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ, ತಕಾರಕ್ಕೆ ಕೆಲವರು ಬರೀ ಟಿ, ಕೆಲವರು ಟಿ ಮತ್ತು ಎಚ್. ನಿಮ್ಮ ಕೀಬೋರ್ಡಿಗೆ ಯಾವುದು ಹಿಡಿಸುತ್ತದೆ ಅಂತ ನೋಡಿ ಅದನ್ನೇ ರೂಢಿಸಿಕೊಳ್ಳಿ. ದಿನಕ್ಕೊಂದು ರೀತಿ ಬರೆದರೆ ಕೈಗೂ ಗೆರೆ ನೆನಪಿರುವುದಿಲ್ಲ.

ಇದಕ್ಕೊಂದು ಒಳ್ಳೆಯ ಉಪಾಯ ಬೆರೆಸಿ ಬರೆಯುವುದು. ಸಣ್ಣ, ಮಾಮೂಲಿ ಪದಗಳನ್ನು ಎಳೆಯಿರಿ. ಉದ್ದನೆಯ, ಪ್ರತ್ಯಯ ಹೊತ್ತ ಪದಗಳನ್ನು ಒತ್ತಿ ಬರೆಯಿರಿ. ಒತ್ತುವುದಕ್ಕೂ ಎಳೆಯುವುದಕ್ಕೂ ನಡುವೆ ಯಾವ ಬಟನ್ನೂ ಬದಲಿಸಬೇಕಿಲ್ಲ. ಒಂದೇ ವಾಕ್ಯದಲ್ಲಿ ಎರಡೂ ನಡೆಯುತ್ತವೆ.

ಪಾಸ್‌ವರ್ಡ್, ಇಮೇಲ್ ವಿಳಾಸ, ಕೋಡ್ ಸಂಖ್ಯೆಗಳನ್ನು ಒತ್ತಿಯೇ ಹಾಕಿ. ಇವು ಯಾವ ಪದಪಟ್ಟಿಯಲ್ಲೂ ಇರುವುದಿಲ್ಲ, ಇರಲೂಬಾರದು. ಊರಿನ ಹೆಸರು, ಜನರ ಹೆಸರುಗಳ ವಿಷಯ ಬೇರೆ. ಮೊದಲ ಸಲ ಒತ್ತಿ ಬರೆದು, ಕೀಬೋರ್ಡಿನ ಸ್ವಂತ ನಿಘಂಟಿಗೆ ಸೇರಿಸಿ. ಜಿಬೋರ್ಡ್‌ನಲ್ಲಿ ಪರ್ಸನಲ್ ಡಿಕ್ಷನರಿ ಅಂತಲೇ ಒಂದು ಜಾಗ ಇದೆ. ಮನೆಯವರ, ಸ್ನೇಹಿತರ ಹೆಸರುಗಳನ್ನು ಒಂದೇ ಸಲ ಕೂತು ಸೇರಿಸಿಬಿಟ್ಟರೆ, ಅಂದಿನಿಂದ ಅವನ್ನೂ ಎಳೆದೇ ಬರೆಯಬಹುದು.